ಗಾಲ್ಫ್‌ಗೆ ಯಜಮಾನರು ಯಾರು? ಸ್ಕಾಟ್ಲೆಂಡಿನ ನಿಯಮ ಬೆಂಗಳೂರಿನಲ್ಲೂ ಯಾಕೆ ನಡೆಯುತ್ತದೆ?

ಪ್ರಶ್ನೆ: ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೇ ಸ್ಥಾನ ಪಡೆದಾಗಿನಿಂದ ಗಾಲ್ಫ್ ನೋಡುತ್ತಿದ್ದೇನೆ. ಆಟ ಸ್ವಲ್ಪಮಟ್ಟಿಗೆ ಅರ್ಥವಾಗಿದೆ, ಆಡಳಿತ ಮಾತ್ರ ತಲೆಗೆ ಹತ್ತುತ್ತಿಲ್ಲ. ಫುಟ್‌ಬಾಲ್‌ಗೆ ಫಿಫಾ ಇದೆ, ಕ್ರಿಕೆಟ್‌ಗೆ ಐಸಿಸಿ ಇದೆ. ಗಾಲ್ಫ್ ಅಂದ ಕೂಡಲೇ ಆರ್ ಅಂಡ್ ಎ, ಯುಎಸ್‌ಜಿಎ, ಪಿಜಿಎ, ಲಿವ್ ಅಂತ ಸಾಲು ಸಾಲು ಹೆಸರು ಬರುತ್ತವೆ. ಇವರಲ್ಲಿ ಯಜಮಾನರು ಯಾರು? ಸ್ಕಾಟ್ಲೆಂಡಿನ ಒಂದು ಊರಿನ ಕ್ಲಬ್ಬಿನಿಂದ ಬಂದ ನಿಯಮವನ್ನು ಇಡೀ ಜಗತ್ತು ಯಾಕೆ ಒಪ್ಪಬೇಕು?

ಉತ್ತರ: ಯಜಮಾನರು ಅಂತ ಒಬ್ಬರಿಲ್ಲ. ನಿಯಮ ಬರೆಯುವವರು ಬೇರೆ, ಟೂರ್ನಿ ನಡೆಸುವವರು ಬೇರೆ, ವೃತ್ತಿಪರ ಆಟಗಾರರ ದುಡ್ಡಿನ ವ್ಯವಹಾರ ನೋಡುವವರು ಬೇರೆ. ನಿಯಮ ಬರೆಯುವ ಸಂಸ್ಥೆಗಳು ಎರಡು: ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಊರಿನ ಆರ್ ಅಂಡ್ ಎ ಮತ್ತು ಅಮೆರಿಕದ ಗಾಲ್ಫ್ ಸಂಘವಾದ ಯುಎಸ್‌ಜಿಎ. ಈ ಅಧಿಕಾರವನ್ನು ಅವುಗಳಿಗೆ ಯಾವ ಸರ್ಕಾರವೂ ಕೊಟ್ಟಿಲ್ಲ. ಜಗತ್ತಿನ ದೇಶಗಳೆಲ್ಲ ಸೇರಿ ಮತ ಹಾಕಿ ಆರಿಸಿದ್ದೂ ಇಲ್ಲ. ಆಡುವವರು ಒಪ್ಪಿಕೊಂಡು ಬಂದರು, ಆ ಒಪ್ಪಿಗೆಯೇ ಇಲ್ಲಿನ ಅಧಿಕಾರ. ಒಪ್ಪಿಗೆ ಹೇಗೆ ಹುಟ್ಟಿತು, ಎಲ್ಲಿ ಮುರಿಯಿತು, ಮತ್ತೆ ಹೇಗೆ ಕೂಡಿತು ಅನ್ನುವುದೇ ನಿಮ್ಮ ಪ್ರಶ್ನೆಗೆ ಉತ್ತರ. ಹಾಗಾಗಿ ಸ್ವಲ್ಪ ಹಿಂದಕ್ಕೆ ಹೋಗೋಣ.

ಸ್ಕಾಟ್ಲೆಂಡಿನ ಸರ್ಕಾರಿ ದಾಖಲೆಯಲ್ಲಿ ಗಾಲ್ಫ್ ಮೊದಲು ಕಾಣಿಸಿಕೊಳ್ಳುವುದೇ ನಿಷೇಧದ ರೂಪದಲ್ಲಿ. 1457ರಲ್ಲಿ ಎರಡನೇ ಜೇಮ್ಸ್ ರಾಜನ ಕಾಲದ ಸಂಸತ್ತು ಫುಟ್‌ಬಾಲ್ ಮತ್ತು ಗಾಲ್ಫ್ ಎರಡನ್ನೂ ಬಿಡಬೇಕು ಅಂತ ಆಜ್ಞೆ ಮಾಡಿತು. ಗಂಡಸರು ಬಿಲ್ಲುಗಾರಿಕೆ ಅಭ್ಯಾಸ ಮಾಡಲಿ, ಇಂಗ್ಲೆಂಡಿನ ಜೊತೆ ಯುದ್ಧ ಬಂದರೆ ಬೇಕಾಗುತ್ತದೆ ಅನ್ನುವುದು ಕಾರಣ. 1471ರಲ್ಲೂ 1491ರಲ್ಲೂ ಅದೇ ಆಜ್ಞೆ ಮತ್ತೆ ಬಂತು. ಮೂರು ಸಲ ಹೇಳಬೇಕಾಯಿತು ಅಂದರೆ ಜನ ಕೇಳಲಿಲ್ಲ ಅಂತಲೇ ಅಲ್ವಾ? ಆಮೇಲೆ ಇಂಗ್ಲೆಂಡಿನ ಜೊತೆ ಶಾಂತಿ ಒಪ್ಪಂದ ಆಯಿತು. 1502ರಲ್ಲಿ ನಾಲ್ಕನೇ ಜೇಮ್ಸ್ ರಾಜನೇ ಪರ್ತ್ ಊರಿನ ಬಿಲ್ಲು ಮಾಡುವವನಿಂದ ಗಾಲ್ಫ್ ಕೋಲುಗಳನ್ನು ಕೊಂಡ.

ಮುಂದಿನ ಇನ್ನೂರು ಚಿಲ್ಲರೆ ವರ್ಷ ಬರೆದಿಟ್ಟ ನಿಯಮದ ಗೊಡವೆ ಇರಲಿಲ್ಲ. ಕಡಲ ಪಕ್ಕದ ಮರಳು, ಹುಲ್ಲು ತುಂಬಿದ ಬಯಲು ಸಾರ್ವಜನಿಕ ಜಾಗ. ಅಲ್ಲಿ ಆಡುತ್ತಿದ್ದವರು ಒಬ್ಬರಿಗೊಬ್ಬರು ಪರಿಚಯದವರು. ಜಗಳ ಬಂದರೆ ಅಲ್ಲೇ ತೀರುತ್ತಿತ್ತು. ಬರೆದ ನಿಯಮ ಬೇಕಾದದ್ದು ಪರವೂರಿನವರೂ ಬಂದು ಆಡುವ ಸ್ಪರ್ಧೆ ಶುರುವಾದ ಮೇಲೆ.

ಆ ವರ್ಷ 1744. ಎಡಿನ್‌ಬರೋ ಪಕ್ಕದ ಲೀತ್ ಬಯಲಿನಲ್ಲಿ ಆಡುತ್ತಿದ್ದ ಶ್ರೀಮಂತರ ಗುಂಪೊಂದು ಬಹುಮಾನ ಕೊಡಿ ಅಂತ ನಗರಸಭೆಯನ್ನು ಕೇಳಿತು. ನಗರಸಭೆ ಬೆಳ್ಳಿಯ ಗಾಲ್ಫ್ ಕೋಲನ್ನು ಕೊಟ್ಟಿತು. ಸ್ಪರ್ಧೆಗೆ ಬ್ರಿಟನ್, ಐರ್ಲೆಂಡಿನ ಯಾವ ಭಾಗದ ಗಣ್ಯರೂ ಬರಬಹುದು ಅಂತ ತೀರ್ಮಾನವಾಯಿತು. ಬೇರೆ ಊರಿನವನು ಬಂದು 'ನಮ್ಮಲ್ಲಿ ಹೀಗೆ ಆಡುವುದಿಲ್ಲ' ಅಂದರೆ ಏನು ಮಾಡುವುದು? ಅದಕ್ಕೆ 13 ನಿಯಮ ಬರೆದಿಟ್ಟರು. ನಮಗೆ ಸಿಕ್ಕಿರುವ ಅತಿ ಹಳೆಯ ಗಾಲ್ಫ್ ನಿಯಮಗಳು ಇವೇ. ಕ್ರಿಕೆಟ್ಟಿನ ಅತಿ ಹಳೆಯ ಬರಹದ ನಿಯಮಾವಳಿಯೂ ಇದೇ 1744ರದ್ದು ಅನ್ನುವುದನ್ನು ಇಲ್ಲಿ ಹೇಳಲೇಬೇಕು. ಪಂತ ಮತ್ತು ಬಹುಮಾನ ಬಂದ ಕಡೆ ಬರಹವೂ ಬಂತು.

ಆ 13 ನಿಯಮ ಓದಿದರೆ ಲೀತ್ ಬಯಲು ಕಣ್ಣಿಗೆ ಕಟ್ಟುತ್ತದೆ. ಚೆಂಡು ಮನುಷ್ಯನಿಗೋ ಕುದುರೆಗೋ ನಾಯಿಗೋ ತಗುಲಿ ನಿಂತರೆ ನಿಂತಲ್ಲಿಂದಲೇ ಹೊಡೆಯಬೇಕು. ಹುಲ್ಲುಗಾವಲು ಕಾಯಲು ತೋಡಿದ ಕಾಲುವೆಗೆ, ಸೈನಿಕರ ಕಂದಕಕ್ಕೆ ಬಿದ್ದರೆ ಚೆಂಡನ್ನು ಹೊರಗೆ ತೆಗೆದು ಆಡಬಹುದು. ನೀರಿಗೆ ಬಿದ್ದರೆ ಎದುರಾಳಿಗೆ ಒಂದು ಹೊಡೆತ ಬಿಟ್ಟುಕೊಡಬೇಕು. ಅಂದರೆ ಆಟ ನಡೆಯುತ್ತಿದ್ದದ್ದು ದನ, ಕುದುರೆ, ಶಾಲೆ ಹುಡುಗರು, ಸೈನಿಕರು ಎಲ್ಲರೂ ಓಡಾಡುವ ಜಾಗದಲ್ಲಿ. ನೀರಿಗೆ ಬಿದ್ದರೆ ಒಂದು ಹೊಡೆತದ ದಂಡ ಅನ್ನುವುದು ಇವತ್ತಿಗೂ ಉಳಿದುಕೊಂಡಿದೆ.

ಆ ವರ್ಷ ಗೆದ್ದವನು ಜಾನ್ ರ‍್ಯಾಟ್ರೆ ಅನ್ನುವ ಶಸ್ತ್ರವೈದ್ಯ. ಗೆದ್ದವನು ವರ್ಷವಿಡೀ 'ಗಾಲ್ಫ್ ಕ್ಯಾಪ್ಟನ್' ಆಗುತ್ತಿದ್ದ. ಆಟದ ಬಗ್ಗೆ ಏನೇ ತಕರಾರು ಬಂದರೂ ತೀರ್ಪು ಅವನದ್ದೇ. ನನ್ನ ದೃಷ್ಟಿಯಲ್ಲಿ ಗಾಲ್ಫ್ ಆಡಳಿತ ಶುರುವಾದದ್ದು ಇಲ್ಲೇ. ಅಧಿಕಾರ ಬಂದದ್ದು ಆಟದ ಒಳಗಿನಿಂದ, ಆಡಿ ಗೆದ್ದವನಿಗೆ. ಈ ರ‍್ಯಾಟ್ರೆ ಮರುವರ್ಷ ಬಂಡಾಯಗಾರ ರಾಜಕುಮಾರ ಚಾರ್ಲ್ಸ್‌ನ ಸೈನ್ಯಕ್ಕೆ ವೈದ್ಯನಾಗಿ ಹೋಗಿ, ಕಲೊಡನ್ ಯುದ್ಧದಲ್ಲಿ ಸೋತು ಸೆರೆಯಾದ. ಅವನ ಪರ ಮಾತಾಡಿ ಜೀವ ಉಳಿಸಿದವನು ಸ್ಕಾಟ್ಲೆಂಡಿನ ಉನ್ನತ ನ್ಯಾಯಾಧೀಶ ಡಂಕನ್ ಫೋರ್ಬ್ಸ್. ಅವನೂ ಲೀತ್‌ನಲ್ಲಿ ಜೊತೆಗೆ ಆಡುತ್ತಿದ್ದವನೇ.

ಸೇಂಟ್ ಆಂಡ್ರೂಸ್ ಬರುವುದು ಹತ್ತು ವರ್ಷದ ನಂತರ. 1754ರಲ್ಲಿ 22 ಜನ ಗಣ್ಯರು ಅಲ್ಲಿ ತಮ್ಮದೇ ಸಂಘ ಕಟ್ಟಿ, ಲೀತ್‌ನ ನಿಯಮಗಳನ್ನು ಹೆಚ್ಚುಕಡಿಮೆ ಹಾಗೆಯೇ ಎತ್ತಿಕೊಂಡರು. ಅಂದರೆ ನೀವು ಕೇಳಿದ 'ಸ್ಕಾಟ್ಲೆಂಡಿನ ಒಂದು ಊರಿನ ಕ್ಲಬ್' ಮೊದಲಿಗೆ ತಾನೇ ಇನ್ನೊಬ್ಬರ ನಿಯಮ ಒಪ್ಪಿಕೊಂಡ ಕ್ಲಬ್. ಆಗ ಅಲ್ಲಿ ಒಂದು ಸುತ್ತಿಗೆ 22 ಕುಳಿ. ಹೋಗುವಾಗ ಆಡಿದ ಕುಳಿಗಳನ್ನೇ ಬರುವಾಗಲೂ ಆಡುತ್ತಿದ್ದರು. 1764ರಲ್ಲಿ ಮೊದಲ ನಾಲ್ಕು ತೀರಾ ಹತ್ತಿರ ಹತ್ತಿರ ಇವೆ ಅಂತ ಎರಡು ಮಾಡಿದರು. ಹೋಗುವಾಗ ಎರಡು, ಬರುವಾಗ ಎರಡು ಕಡಿಮೆಯಾಗಿ ಒಟ್ಟು 18 ಆಯಿತು. ಇಡೀ ಜಗತ್ತಿನ ಗಾಲ್ಫ್ ಸುತ್ತಿಗೆ 18 ಕುಳಿ ಬಂದದ್ದು ಹೀಗೆ. ಲೀತ್‌ನಲ್ಲಿ ಇದ್ದದ್ದು ಬರೀ ಐದು, ಸ್ಕಾಟ್ಲೆಂಡಿನ ಇನ್ನೊಂದು ಊರು ಪ್ರೆಸ್ಟ್‌ವಿಕ್‌ನಲ್ಲಿ 12. ಸೇಂಟ್ ಆಂಡ್ರೂಸ್ ತನ್ನ ನೆಲಕ್ಕೆ ತಕ್ಕಂತೆ ಮಾಡಿಕೊಂಡದ್ದು ನಿಧಾನವಾಗಿ ಎಲ್ಲರ ಲೆಕ್ಕವಾಯಿತು.

ಯಾಕೆ ಆ ಊರೇ? ಲೀತ್‌ನವರ ಬಯಲಿನಲ್ಲಿ ಜನಸಂದಣಿ ಜಾಸ್ತಿಯಾಗಿ ಅವರು 1836ರಲ್ಲಿ ಮಸಲ್‌ಬರೋಗೆ, 1891ರಲ್ಲಿ ಮ್ಯೂರ್‌ಫೀಲ್ಡ್‌ಗೆ ಜಾಗ ಬದಲಿಸಿದರು. ಸೇಂಟ್ ಆಂಡ್ರೂಸ್‌ನವರು ಇದ್ದಲ್ಲೇ ಇದ್ದರು. 1834ರಲ್ಲಿ ನಾಲ್ಕನೇ ವಿಲಿಯಂ ರಾಜ 'ರಾಯಲ್ ಅಂಡ್ ಏನ್ಶಿಯಂಟ್' ಅನ್ನುವ ಬಿರುದನ್ನೂ ಕೊಟ್ಟ. ಆರ್ ಅಂಡ್ ಎ ಅನ್ನುವ ಎರಡು ಅಕ್ಷರ ಅದರದ್ದೇ. ಒಂದು ವಿಷಯ ಬಹಳ ಜನರಿಗೆ ಗೊತ್ತಿರುವುದಿಲ್ಲ. ಸೇಂಟ್ ಆಂಡ್ರೂಸ್‌ನ ಪ್ರಸಿದ್ಧ ಆಟದ ಬಯಲು, ಓಲ್ಡ್ ಕೋರ್ಸ್, ಈ ಕ್ಲಬ್ಬಿನ ಆಸ್ತಿಯಲ್ಲ, ಅದು ಸಾರ್ವಜನಿಕ ನೆಲ. ಈಗ ಅದನ್ನು ನೋಡಿಕೊಳ್ಳುವುದು ಒಂದು ಟ್ರಸ್ಟ್. ಭಾನುವಾರ ಸಾಮಾನ್ಯವಾಗಿ ಅಲ್ಲಿ ಆಟ ಇರುವುದಿಲ್ಲ, ಊರಿನ ಜನ ಸುಮ್ನೆ ನಡೆದಾಡುತ್ತಾರೆ.

ಆದರೆ ಗೌರವವೊಂದರಿಂದಲೇ ಯಾರೂ ಜಗತ್ತಿಗೆ ನಿಯಮ ಹೇಳಲಾಗುವುದಿಲ್ಲ. ಆಟ ಹರಡಬೇಕು. ಅದನ್ನು ಹರಡಿಸಿದ್ದು ಮುಖ್ಯವಾಗಿ ಚೆಂಡು ಮತ್ತು ರೈಲು. ಹಳೆಯ ಚೆಂಡು ಅಂದರೆ ಚರ್ಮದ ಚೀಲದೊಳಗೆ ಬೇಯಿಸಿದ ಹಕ್ಕಿಗರಿ ತುರುಕಿ ಹೊಲಿದದ್ದು. ನುರಿತ ಕೆಲಸಗಾರನೂ ದಿನಕ್ಕೆ ಮೂರೋ ನಾಲ್ಕೋ ಮಾಡಬಲ್ಲ, ಅಷ್ಟೆ. ಹಾಗಾಗಿ ಅದು ದುಬಾರಿ. ನೆನೆದರೆ ಹಾಳು. 1848ರ ಹೊತ್ತಿಗೆ ಮಲಯ ಸೀಮೆಯ ಗಟ್ಟಾಪರ್ಚಾ ಅನ್ನುವ ಮರದ ಹಾಲಿನಿಂದ ಚೆಂಡು ಮಾಡಲು ಶುರುಮಾಡಿದರು. ಬಿಸಿ ಮಾಡಿದರೆ ಮೆತ್ತಗಾಗುತ್ತದೆ, ಅಚ್ಚಿಗೆ ಹಾಕಿದರೆ ಆಯಿತು. ಬೆಲೆ ಎಷ್ಟೋ ಕಡಿಮೆ. ಗರಿ ಚೆಂಡು ಮಾಡಿ ಬದುಕುತ್ತಿದ್ದ ಅಲನ್ ರಾಬರ್ಟ್‌ಸನ್‌ಗೆ ಇದು ಹೊಟ್ಟೆಪಾಡಿನ ಪ್ರಶ್ನೆ. ಅವನ ಕೈಕೆಳಗಿದ್ದ ಟಾಮ್ ಮಾರಿಸ್ ಹೊಸ ಚೆಂಡಿನಲ್ಲಿ ಆಡಿದ್ದಕ್ಕೆ ಇಬ್ಬರಿಗೂ ಮನಸ್ತಾಪವಾಗಿ ಬೇರೆಯಾದರು. ಬಳಸಿ ಗೀರುಬಿದ್ದ ಚೆಂಡು ನುಣುಪಾದ ಚೆಂಡಿಗಿಂತ ನೇರ ಹಾರುತ್ತದೆ ಅಂತ ಆಟಗಾರರೇ ಕಂಡುಕೊಂಡರು. ಇವತ್ತಿನ ಚೆಂಡಿನ ಮೇಲಿನ ಗುಳಿಗಳ ಮೂಲ ಅದೇ.

ಚೆಂಡು ಅಗ್ಗವಾಯಿತು, ರೈಲು ಕಡಲ ತೀರಕ್ಕೆ ಬಂತು, ಕ್ಲಬ್ಬುಗಳು ಹೆಚ್ಚಿದವು. 1860ರಲ್ಲಿ ಪ್ರೆಸ್ಟ್‌ವಿಕ್ ಕ್ಲಬ್ ಎಂಟು ವೃತ್ತಿಪರರನ್ನು ಕರೆಸಿ ಒಂದೇ ದಿನ ಮೂರು ಸುತ್ತು, ಅಂದರೆ 36 ಕುಳಿ ಆಡಿಸಿತು. ಈಗಿನ ಓಪನ್ ಚಾಂಪಿಯನ್‌ಷಿಪ್‌ನ ಆರಂಭ ಅದು. 174 ಹೊಡೆತಕ್ಕೆ ಮುಗಿಸಿದ ವಿಲ್ಲೀ ಪಾರ್ಕ್ ಗೆದ್ದ. ಬಹುಮಾನ ಒಂದು ಬೆಲ್ಟ್. ಸತತ ಮೂರು ಸಲ ಗೆದ್ದವರು ಅದನ್ನು ಇಟ್ಟುಕೊಳ್ಳಬಹುದಿತ್ತು. ಟಾಮ್ ಮಾರಿಸ್‌ನ ಮಗ ಕಿರಿಯ ಟಾಮ್ 1868, 69, 70ರಲ್ಲಿ ಗೆದ್ದು ಅದನ್ನು ಮನೆಗೇ ತೆಗೆದುಕೊಂಡು ಹೋದ. 1871ರಲ್ಲಿ ಕೊಡಲು ಬಹುಮಾನವಿಲ್ಲದೆ ಟೂರ್ನಿಯೇ ನಡೆಯಲಿಲ್ಲ! ಆಮೇಲೆ ಪ್ರೆಸ್ಟ್‌ವಿಕ್, ಆರ್ ಅಂಡ್ ಎ ಮತ್ತು ಹಳೆಯ ಲೀತ್‌ನವರ ಕ್ಲಬ್ ಮೂರೂ ಸೇರಿ ಹಣ ಹಾಕಿ, ಇವತ್ತಿಗೂ ಕೊಡುವ ಬೆಳ್ಳಿಯ ಹೂಜಿ ಮಾಡಿಸಿದವು. ಒಂದು ಕ್ಲಬ್ಬಿನ ಕೈಯಲ್ಲಿದ್ದ ಟೂರ್ನಿ ಮೂರು ಕ್ಲಬ್ಬಿನ ಜವಾಬ್ದಾರಿಯಾಯಿತು. 1920ರಲ್ಲಿ ಅದು ಪೂರ್ತಿ ಆರ್ ಅಂಡ್ ಎ ಕೈಗೆ ಬಂತು.

ಅಷ್ಟರಲ್ಲಿ ಕ್ಲಬ್ಬಿಗೊಂದು ನಿಯಮ ಇಟ್ಟುಕೊಂಡರೆ ಅಂತರ ಕ್ಲಬ್ ಪಂದ್ಯ ಆಗುವುದಿಲ್ಲ ಅಂತ ಎಲ್ಲರಿಗೂ ಅರಿವಾಗಿತ್ತು. ನೀವೇ ಒಂದು ನಿಯಮಾವಳಿ ಮಾಡಿಕೊಡಿ ಅಂತ ಉಳಿದ ಕ್ಲಬ್ಬುಗಳು ಆರ್ ಅಂಡ್ ಎಯನ್ನು ಕೇಳಿಕೊಂಡವು. 1897ರಲ್ಲಿ ಅದು ನಿಯಮ ಸಮಿತಿ ರಚಿಸಿತು, 1899ರಲ್ಲಿ ಎಲ್ಲರಿಗೂ ಒಂದೇ ನಿಯಮಾವಳಿ ಬಂತು. ಗಮನಿಸಿ, ಯಾರೂ ಹೇರಲಿಲ್ಲ, ಕೇಳಿ ಪಡೆದುಕೊಂಡರು.

ಅಮೆರಿಕದ ಕಥೆ ಬೇರೆ ದಾರಿಯಲ್ಲಿ ಅದೇ ಜಾಗಕ್ಕೆ ಬಂತು. 1894ರಲ್ಲಿ ಅಲ್ಲಿ ಎರಡು ಕ್ಲಬ್ಬುಗಳು ಬೇರೆ ಬೇರೆಯಾಗಿ 'ರಾಷ್ಟ್ರೀಯ ಅಮೆಚೂರ್ ಚಾಂಪಿಯನ್' ಟೂರ್ನಿ ನಡೆಸಿದವು. ಅಮೆಚೂರ್ ಅಂದರೆ ದುಡ್ಡಿಗಾಗಿ ಆಡದವರು. ಒಂದೇ ದೇಶ, ಇಬ್ಬರು ಚಾಂಪಿಯನ್ನರು. ಎರಡರಲ್ಲೂ ಎರಡನೆಯವನಾಗಿ ಸೋತವನು ಶಿಕಾಗೋದ ಚಾರ್ಲ್ಸ್ ಮೆಕ್‌ಡೊನಾಲ್ಡ್. ಸೇಂಟ್ ಆಂಡ್ರೂಸ್‌ನಲ್ಲಿ ಓದಿ ಆಟ ಕಲಿತವನು. ಒಂದು ಕ್ಲಬ್ ತಾನೇ ನಡೆಸುವ ಟೂರ್ನಿ ಇಡೀ ದೇಶದ್ದು ಹೇಗಾಗುತ್ತದೆ ಅಂತ ಅವನು ಜೋರಾಗಿ ತಕರಾರು ತೆಗೆದ. ಸೋತವನ ಮಾತು ಅಂತ ಅದನ್ನು ತಳ್ಳಿಹಾಕಬಹುದಿತ್ತು, ಆದರೆ ಮಾತಿನಲ್ಲಿ ಹುರುಳಿತ್ತು. ಆ ವರ್ಷದ ಡಿಸೆಂಬರ್ 22ರಂದು ಐದು ಕ್ಲಬ್ಬುಗಳ ಪ್ರತಿನಿಧಿಗಳು ನ್ಯೂಯಾರ್ಕ್‌ನಲ್ಲಿ ಸೇರಿ ಒಂದು ಸಂಘ ಕಟ್ಟಿದರು. ಅದೇ ಯುಎಸ್‌ಜಿಎ. ಮರುವರ್ಷ ಅದರ ಮೊದಲ ಅಮೆಚೂರ್ ಚಾಂಪಿಯನ್‌ಷಿಪ್ ಗೆದ್ದವನು ಈ ಮೆಕ್‌ಡೊನಾಲ್ಡ್‌ನೇ.

ಎರಡು ಸಂಸ್ಥೆ ಆದ ಮೇಲೆ ಭಿನ್ನಾಭಿಪ್ರಾಯ ಬಂದೇ ಬಂತು. 1904ರಲ್ಲಿ ಅಮೆರಿಕದ ವಾಲ್ಟರ್ ಟ್ರಾವಿಸ್ ಬ್ರಿಟಿಷ್ ಅಮೆಚೂರ್ ಗೆದ್ದ. ಅವನ ಪಟ್ಟರ್‌ನ (ಚೆಂಡನ್ನು ಕುಳಿಗೆ ಉರುಳಿಸುವ ಕೋಲಿನ) ಹಿಡಿಕೋಲು ತಲೆಯ ಮಧ್ಯಕ್ಕೆ ಸಮೀಪ ಕೂತಿತ್ತು. ಕೆಲವು ವರ್ಷದ ಮೇಲೆ ಆರ್ ಅಂಡ್ ಎ ಅಂಥ ಪಟ್ಟರ್ ನಡೆಯದು ಅಂದಿತು, ಯುಎಸ್‌ಜಿಎ ನಡೆಯುತ್ತದೆ ಅಂದಿತು. ಉಕ್ಕಿನ ಹಿಡಿಕೋಲನ್ನು ಅಮೆರಿಕ 1924ರಲ್ಲಿ ಒಪ್ಪಿತು, ಬ್ರಿಟನ್ 1929ರಲ್ಲಿ. ಚೆಂಡಿನ ವಿಷಯ ಇನ್ನೂ ದೊಡ್ಡದು. ಬ್ರಿಟನ್ನಿನ ಚೆಂಡಿನ ಅಡ್ಡಳತೆ ಕನಿಷ್ಠ 1.62 ಇಂಚು. ಅಮೆರಿಕ 1930ರ ದಶಕದ ಆರಂಭದಲ್ಲಿ 1.68 ಇಂಚು ಮಾಡಿತು. ಕಡಲ ಗಾಳಿಯಲ್ಲಿ ಸಣ್ಣ ಚೆಂಡು ಚೆನ್ನಾಗಿ ನುಗ್ಗುತ್ತದೆ. ಹಾಗಾಗಿ ಅಟ್ಲಾಂಟಿಕ್ ದಾಟಿದ ಆಟಗಾರ ಚೆಂಡನ್ನೂ ಬದಲಿಸಿಕೊಳ್ಳುತ್ತಿದ್ದ.

1951ರಲ್ಲಿ ಎರಡೂ ಸಂಸ್ಥೆಗಳು ಬ್ರಿಟನ್ನಿನಲ್ಲಿ ಕೂತು ಮಾತಾಡಿದವು. ಕೆನಡಾ, ಆಸ್ಟ್ರೇಲಿಯಾದವರೂ ಇದ್ದರು. ಗಾಲ್ಫ್ ಆಡಳಿತದ ಇತಿಹಾಸದಲ್ಲಿ ಇದಕ್ಕಿಂತ ಮುಖ್ಯವಾದ ಸಭೆ ಇಲ್ಲ ಅಂತ ನಾನು ನಂಬುತ್ತೇನೆ. 1952ರಿಂದ ಎರಡು ಕಡೆಗೂ ಒಂದೇ ನಿಯಮ. ಆ ಪಟ್ಟರ್‌ಗೆ ಒಪ್ಪಿಗೆ ಸಿಕ್ಕಿತು. ಎದುರಾಳಿಯ ಚೆಂಡು ಕುಳಿಗೆ ಅಡ್ಡ ನಿಂತರೆ ಅದರ ಮೇಲಿಂದಲೋ ಸುತ್ತಿಯೋ ಆಡಬೇಕಿದ್ದ 'ಸ್ಟೈಮಿ' ಪದ್ಧತಿ ಹೋಯಿತು. ಚೆಂಡಿನ ಅಳತೆಯಲ್ಲಿ ಮಾತ್ರ ರಾಜಿಯಾಗಲಿಲ್ಲ. 1974ರಲ್ಲಿ ಓಪನ್ ಟೂರ್ನಿಗೆ ದೊಡ್ಡ ಚೆಂಡು ಕಡ್ಡಾಯವಾಯಿತು, 1990ರಲ್ಲಿ ಸಣ್ಣ ಚೆಂಡು ಪೂರ್ತಿ ಮರೆಯಾಯಿತು. ಹತ್ತಿರ ಹತ್ತಿರ 60 ವರ್ಷ ಹಿಡಿಯಿತು. ತಡವಾಯಿತು, ನಿಜ. ಆದರೆ ಆಟ ಎರಡಾಗಿ ಒಡೆಯಲಿಲ್ಲ.

ಈ ಒಪ್ಪಿಗೆ ಅನ್ನುವುದರಲ್ಲಿ ಯಾರು ಯಾರು ಸೇರಿದ್ದರು ಅಂತಲೂ ಕೇಳಬೇಕು. ಆಡುವವರೆಲ್ಲರೂ ಇರಲಿಲ್ಲ. ಈ ಭಾಗವನ್ನು ಬಿಟ್ಟು ಗಾಲ್ಫ್ ಇತಿಹಾಸ ಹೇಳಿದರೆ ಅದು ಅರ್ಧ ಸತ್ಯ. ಅಮೆರಿಕದ ವೃತ್ತಿಪರರ ಸಂಘವಾದ ಪಿಜಿಎ ತನ್ನ ನಿಯಮಾವಳಿಯಲ್ಲಿ 1934ರಿಂದ ಬಿಳಿಯರಿಗೆ ಮಾತ್ರ ಸದಸ್ಯತ್ವ ಅಂತ ಬರೆದಿಟ್ಟುಕೊಂಡಿತ್ತು. ಚಾರ್ಲಿ ಸಿಫರ್ಡ್‌ನಂಥ ಕಪ್ಪು ಆಟಗಾರರ ವರ್ಷಗಟ್ಟಲೆಯ ಹೋರಾಟ, ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್ ಹಾಕಿದ ಒತ್ತಡ, ಇವುಗಳ ಫಲವಾಗಿ 1961ರಲ್ಲಿ ಆ ಸಾಲು ಹೋಯಿತು. ಅಷ್ಟರಲ್ಲಿ ಸಿಫರ್ಡ್‌ಗೆ ವಯಸ್ಸು 39. ಆ ಕಳೆದುಹೋದ ವರ್ಷಗಳನ್ನು ಯಾರು ತುಂಬಿಕೊಡುತ್ತಾರೆ?

ಹೆಂಗಸರದ್ದೂ ಹಾಗೆಯೇ. 1893ರಲ್ಲಿ ಬ್ರಿಟನ್ನಿನಲ್ಲಿ ಲೇಡೀಸ್ ಗಾಲ್ಫ್ ಯೂನಿಯನ್ ಹುಟ್ಟಿತು. ಅದರ ಕಾರ್ಯದರ್ಶಿ ಇಸೆಟ್ ಪಿಯರ್ಸನ್ ಮುಂದೆ ನಿಂತು, ಯಾವ ಕ್ಲಬ್ಬಿಗೆ ಹೋದರೂ ನಡೆಯುವ ಒಂದೇ ಹ್ಯಾಂಡಿಕ್ಯಾಪ್ ಪದ್ಧತಿ ಕಟ್ಟಿದರು. ಹ್ಯಾಂಡಿಕ್ಯಾಪ್ ಅಂದರೆ ಆಟಗಾರರ ಮಟ್ಟ ನೋಡಿ ಕೊಡುವ ಹೊಡೆತಗಳ ರಿಯಾಯಿತಿ. ಇದರಿಂದ ಕಲಿಯುವವರು ನುರಿತವರ ಜೊತೆ ಸಮಸಮ ಆಡಬಹುದು. ಗಂಡಸರ ಕ್ಲಬ್ಬುಗಳಿಗಿಂತ ಮೊದಲೇ ಹೆಂಗಸರು ಇದನ್ನು ಶಿಸ್ತಾಗಿ ಮಾಡಿ ತೋರಿಸಿದ್ದರು. ಆದರೂ ಸೇಂಟ್ ಆಂಡ್ರೂಸ್‌ನ ರಾಯಲ್ ಅಂಡ್ ಏನ್ಶಿಯಂಟ್ ಕ್ಲಬ್ ಹೆಂಗಸರಿಗೆ ಸದಸ್ಯತ್ವ ಕೊಡಲು ಮತ ಹಾಕಿದ್ದು 2014ರಲ್ಲಿ. ಹಳೆಯ ಲೀತ್‌ನವರ ಮ್ಯೂರ್‌ಫೀಲ್ಡ್ ಕ್ಲಬ್ 2016ರಲ್ಲಿ ಬೇಡ ಅಂದಿತು. ಹಾಗಾದರೆ ಓಪನ್ ಟೂರ್ನಿ ನಿಮ್ಮಲ್ಲಿ ನಡೆಸುವುದಿಲ್ಲ ಅಂತ ಆರ್ ಅಂಡ್ ಎ ಖಡಾಖಂಡಿತವಾಗಿ ಹೇಳಿದ ಮೇಲೆ 2017ರಲ್ಲಿ ಒಪ್ಪಿತು. ಅದೇ ವರ್ಷ ಲೇಡೀಸ್ ಗಾಲ್ಫ್ ಯೂನಿಯನ್ ಆರ್ ಅಂಡ್ ಎ ಜೊತೆ ಒಂದಾಯಿತು. ಜಗತ್ತಿನಲ್ಲಿ ಚಾಲ್ತಿಯಲ್ಲಿದ್ದ ಆರು ಹ್ಯಾಂಡಿಕ್ಯಾಪ್ ಪದ್ಧತಿಗಳನ್ನು ಸೇರಿಸಿ ಒಂದು ಮಾಡಿದ್ದು 2020ರಲ್ಲಿ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಈಗ ನಿಯಮ ನೋಡಿಕೊಳ್ಳುವ ಆರ್ ಅಂಡ್ ಎ ಮತ್ತು ಆ ಹಳೆಯ ಕ್ಲಬ್ ಒಂದೇ ಅಲ್ಲ. ನಿಯಮ ಮತ್ತು ಟೂರ್ನಿಗಳ ಕೆಲಸವನ್ನು 2004ರಲ್ಲಿ ಕ್ಲಬ್ಬಿನಿಂದ ಬೇರ್ಪಡಿಸಿ ಪ್ರತ್ಯೇಕ ಸಂಸ್ಥೆಗೆ ಕೊಟ್ಟರು. ಅಮೆರಿಕ ಮತ್ತು ಮೆಕ್ಸಿಕೋ ಯುಎಸ್‌ಜಿಎ ವ್ಯಾಪ್ತಿಗೆ ಬರುತ್ತವೆ, ಉಳಿದ ಜಗತ್ತು ಆರ್ ಅಂಡ್ ಎಗೆ. ನಿಯಮ ಮಾತ್ರ ಇಬ್ಬರದ್ದೂ ಒಂದೇ. 2019ರಲ್ಲಿ ಅದನ್ನು ಪೂರ್ತಿ ಮರುಬರೆದು 34 ನಿಯಮವನ್ನು 24ಕ್ಕೆ ಇಳಿಸಿದರು. ಕಳೆದ ಚೆಂಡು ಹುಡುಕಲು ಐದು ನಿಮಿಷ ಇದ್ದದ್ದು ಮೂರಾಯಿತು. ದಂಡ ತೆತ್ತು ಚೆಂಡು ಬಿಡುವಾಗ ಭುಜದ ಎತ್ತರದ ಬದಲು ಮೊಣಕಾಲಿನ ಎತ್ತರದಿಂದ ಬಿಡಬೇಕು.

ಇನ್ನು ಟೂರ್ನಿ ಮತ್ತು ದುಡ್ಡು. ಗಂಡಸರ ನಾಲ್ಕು ಮೇಜರ್, ಅಂದರೆ ಅತಿ ಪ್ರತಿಷ್ಠಿತ ಟೂರ್ನಿಗಳನ್ನು ನಾಲ್ಕು ಬೇರೆ ಬೇರೆ ಸಂಸ್ಥೆಗಳು ನಡೆಸುತ್ತವೆ. ಮಾಸ್ಟರ್ಸ್ ಆಗಸ್ಟಾ ನ್ಯಾಷನಲ್ ಅನ್ನುವ ಖಾಸಗಿ ಕ್ಲಬ್ಬಿನದ್ದು. ಪಿಜಿಎ ಚಾಂಪಿಯನ್‌ಷಿಪ್ ಪಿಜಿಎ ಆಫ್ ಅಮೆರಿಕದ್ದು. ಯುಎಸ್ ಓಪನ್ ಯುಎಸ್‌ಜಿಎದ್ದು, ದಿ ಓಪನ್ ಆರ್ ಅಂಡ್ ಎದ್ದು. ಟಿವಿಯಲ್ಲಿ ದಿನಾ ಹೆಸರು ಕೇಳುವ ಪಿಜಿಎ ಟೂರ್ ಇವುಗಳಲ್ಲಿ ಒಂದನ್ನೂ ನಡೆಸುವುದಿಲ್ಲ. ಅದು 1968ರಲ್ಲಿ ಟೂರ್ನಿ ಆಡುವ ವೃತ್ತಿಪರರು ಪಿಜಿಎ ಆಫ್ ಅಮೆರಿಕದಿಂದ ಬೇರೆಯಾಗಿ ಕಟ್ಟಿಕೊಂಡದ್ದು. ಕ್ಲಬ್ಬುಗಳಲ್ಲಿ ಪಾಠ ಹೇಳುವವರ ಅಗತ್ಯ ಬೇರೆ, ವಾರವಾರ ಬಹುಮಾನಕ್ಕೆ ಆಡುವವರ ಅಗತ್ಯ ಬೇರೆ ಅನ್ನುವುದು ಜಗಳದ ಬೇರು. 2022ರಲ್ಲಿ ಸೌದಿ ಹಣದ ಬಲದಿಂದ ಲಿವ್ ಅನ್ನುವ ಪೈಪೋಟಿಯ ಟೂರ್ನಿ ಸರಣಿ ಬಂತು. ಅಲ್ಲಿ ಹೋದವರನ್ನು ಪಿಜಿಎ ಟೂರ್ ಅಮಾನತು ಮಾಡಿತು. ನಮ್ಮ ಅನಿರ್ಬನ್ ಲಾಹಿರಿಯೂ ಆ ವರ್ಷ ಲಿವ್ ಸೇರಿದರು. 2023ರ ಜೂನ್‌ನಲ್ಲಿ ಎರಡೂ ಕಡೆಯವರು ಕೈಜೋಡಿಸುತ್ತೇವೆ ಅಂತ ಘೋಷಿಸಿದಾಗ ಆಟಗಾರರೇ ಬೆರಗಾದರು. ಇಷ್ಟೆಲ್ಲ ಕೋಲಾಹಲದಲ್ಲಿ ಚೆಂಡು ನೀರಿಗೆ ಬಿದ್ದರೆ ಏನು ಮಾಡಬೇಕು ಅನ್ನುವುದಕ್ಕೆ ಲಿವ್ ಬೇರೆ ನಿಯಮ ಬರೆಯಲಿಲ್ಲ. ಜಗಳವೆಲ್ಲ ಯಾರು ಎಲ್ಲಿ ಆಡಬಹುದು, ದುಡ್ಡು ಯಾರದ್ದು ಅನ್ನುವುದರ ಸುತ್ತ.

ನಿಯಮದ ಕಡೆಯ ನಿಜವಾದ ಪರೀಕ್ಷೆ ಬರುತ್ತಿರುವುದು ಮತ್ತೆ ಚೆಂಡಿನಿಂದಲೇ. ಈಗಿನ ಚೆಂಡು, ಕೋಲುಗಳಿಂದ ವೃತ್ತಿಪರರು ಹೊಡೆಯುವ ದೂರ ಎಷ್ಟು ಬೆಳೆದಿದೆ ಅಂದರೆ ಹಳೆಯ ಕೋರ್ಸ್‌ಗಳು ಚಿಕ್ಕದಾಗಿಬಿಟ್ಟಿವೆ. ಕೋರ್ಸ್ ಉದ್ದ ಮಾಡುತ್ತಾ ಹೋದರೆ ನೆಲ ಬೇಕು, ನೀರು ಬೇಕು, ಖರ್ಚು ಬೇಕು. ಹಾಗಾಗಿ ಚೆಂಡು ಅಷ್ಟು ದೂರ ಹೋಗದಂತೆ ಪರೀಕ್ಷೆಯ ಮಾನದಂಡ ಬಿಗಿ ಮಾಡುವುದಾಗಿ 2023ರ ಡಿಸೆಂಬರ್‌ನಲ್ಲಿ ಎರಡೂ ಸಂಸ್ಥೆಗಳು ಪ್ರಕಟಿಸಿದವು. ಆಗ ಕೊಟ್ಟ ಗಡುವು ವೃತ್ತಿಪರರಿಗೆ 2028, ಉಳಿದವರಿಗೆ 2030. ಚೆಂಡು ತಯಾರಿಸುವ ಕಂಪನಿಗಳಿಂದ, ಆಟಗಾರರಿಂದ ವಿರೋಧ ಬಂದಿದೆ. ನನಗಂತೂ ಈ ನಿರ್ಧಾರ ಸರಿ ಅನ್ನಿಸುತ್ತದೆ, ಇನ್ನೂ ಮೊದಲೇ ಮಾಡಬೇಕಿತ್ತು. ಚೆಂಡಿನ ಅಳತೆ ಒಂದಾಗಲು 60 ವರ್ಷ ಬೇಕಾದದ್ದು ನೆನಪಿದ್ದರೆ ಇದು ಸಲೀಸಾಗಿ ಆಗುವ ಕೆಲಸ ಅಂತ ಯಾರೂ ಅಂದುಕೊಳ್ಳಲಾರರು.

ಕಡೆಗೆ ಬೆಂಗಳೂರಿನ ಮಾತು. ಗಾಲ್ಫ್ ನಮ್ಮ ದೇಶಕ್ಕೆ ಬ್ರಿಟಿಷರ ಜೊತೆ ಬಹಳ ಬೇಗ ಬಂತು. ಕಲ್ಕತ್ತಾದ ಕ್ಲಬ್ 1829ರದ್ದು, ಬ್ರಿಟನ್ನಿನ ಆಚೆ ಅದಕ್ಕಿಂತ ಹಳೆಯದು ಇಲ್ಲ. ನಮ್ಮ ಬೆಂಗಳೂರು ಗಾಲ್ಫ್ ಕ್ಲಬ್ 1876ರದ್ದು. ಅಂದರೆ ಯುಎಸ್‌ಜಿಎ ಹುಟ್ಟುವುದಕ್ಕಿಂತ 18 ವರ್ಷ ಮೊದಲೇ ಬೆಂಗಳೂರಿನಲ್ಲಿ ಆಟ ಇತ್ತು. ಇಂಡಿಯನ್ ಗಾಲ್ಫ್ ಯೂನಿಯನ್ ಆದದ್ದು 1955ರಲ್ಲಿ. ಅದು ಆರ್ ಅಂಡ್ ಎ ನಿಯಮವನ್ನು ಒಪ್ಪಿಕೊಂಡಿದೆ, ಅದರ ಜೊತೆಗಿರುವ ಕ್ಲಬ್ಬುಗಳೂ ಒಪ್ಪಿಕೊಂಡಿವೆ. ನಿಮ್ಮ ಪ್ರಶ್ನೆಯ ಎರಡನೇ ಭಾಗಕ್ಕೆ ನೇರ ಉತ್ತರ ಇದು. ಒಲಿಂಪಿಕ್ಸ್‌ನಲ್ಲಿ ಅದಿತಿ ಆಡಿದ್ದೂ ಇದೇ ನಿಯಮದಲ್ಲಿ. ಅಲ್ಲಿ ಗಾಲ್ಫ್‌ನ ಹೊಣೆ ಹೊತ್ತ ಅಂತರರಾಷ್ಟ್ರೀಯ ಗಾಲ್ಫ್ ಫೆಡರೇಷನ್ ತನ್ನದೇ ನಿಯಮ ಬರೆದುಕೊಳ್ಳುವುದಿಲ್ಲ.

ನೀವೇ ಆಡಲು ಶುರುಮಾಡಿದರೆ ಒಂದು ವಿಷಯ ಗಮನಿಸಿ. ಆ ಕೋರ್ಸ್‌ಗೆ ಮಾತ್ರ ಅನ್ವಯಿಸುವ 'ಲೋಕಲ್ ರೂಲ್ಸ್' ಇರುತ್ತವೆ. ಎಷ್ಟೋ ಕಡೆ ಸ್ಕೋರ್ ಕಾರ್ಡ್‌ನ ಹಿಂಬದಿಯಲ್ಲೇ ಅಚ್ಚಾಗಿರುತ್ತವೆ. ರಸ್ತೆಯ ಮೇಲೆ ಚೆಂಡು ನಿಂತರೆ, ದುರಸ್ತಿಯಲ್ಲಿರುವ ನೆಲಕ್ಕೆ ಬಿದ್ದರೆ ಏನು ಅನ್ನುವುದನ್ನು ಆಯಾ ಕ್ಲಬ್ಬಿನ ಸಮಿತಿ ಅಲ್ಲಿ ಹೇಳಿರುತ್ತದೆ. ಆದರೆ ಯಾವ ವಿಷಯದಲ್ಲಿ ಅಂಥ ನಿಯಮ ಮಾಡಬಹುದು ಅನ್ನುವ ಮಿತಿಯನ್ನು ಹಾಕಿಕೊಟ್ಟವರು ಆರ್ ಅಂಡ್ ಎ ಮತ್ತು ಯುಎಸ್‌ಜಿಎ. ಮೊದಲ ಚೆಂಡು ಹೊಡೆಯುವ ಮುಂಚೆ ಅದನ್ನೊಮ್ಮೆ ಓದಿಕೊಳ್ಳಿ.